ಫ್ರೀಡ್ರಿಶ್ ಡ್ಯೂರೆನ್‌ಮಾಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸ್ವಿಸ್ ಲೇಖಕರ ಬಗ್ಗೆ ನಾಟಕದ ಕಡೆಯವರು ಒಂದು ಥರ ಪ್ರಶ್ನೆ ಕೇಳುತ್ತಾರೆ, ಪತ್ತೇದಾರಿ ಕಾದಂಬರಿ ಓದುವವರು ಇನ್ನೊಂದು ಥರ. ಇಬ್ಬರಿಗೂ ಇಲ್ಲೇ ಉತ್ತರ. ಕೃತಿಗಳ ಹೆಸರನ್ನು ನಾನೇ ಕನ್ನಡ ಮಾಡಿಕೊಂಡಿದ್ದೇನೆ. ಕಥೆಗಳ ಕೊನೆಯನ್ನೂ ಅಲ್ಲಲ್ಲಿ ಹೇಳಿಬಿಟ್ಟಿದ್ದೇನೆ, ಬೇಡ ಅನ್ನುವವರು ಹುಷಾರಾಗಿ ಓದಿ.

ಯಾರಿವರು? ಚಿಕ್ಕದಾಗಿ ಹೇಳಿ.

ಹುಟ್ಟಿದ್ದು 1921ರ ಜನವರಿ 5ರಂದು, ಬರ್ನ್ ಪ್ರಾಂತದ ಕೊನೊಲ್ಫಿಂಗೆನ್ ಎಂಬ ಹಳ್ಳಿಯಲ್ಲಿ. ತೀರಿಕೊಂಡಿದ್ದು 1990ರ ಡಿಸೆಂಬರ್ 14ರಂದು, ನಶಾಟೆಲ್ ಊರಿನ ಸ್ವಂತ ಮನೆಯಲ್ಲಿ. ಅಪ್ಪ ಪ್ರಾಟೆಸ್ಟಂಟ್ ಪಾದ್ರಿ. ಅಜ್ಜ ಉಲ್ರಿಶ್ ರಾಜಕಾರಣಿ ಮತ್ತು ಪತ್ರಿಕೆಯ ಸಂಪಾದಕ. ವ್ಯಂಗ್ಯದ ಪದ್ಯ ಬರೆದು ಜೈಲಿಗೂ ಹೋಗಿ ಬಂದ ಮನುಷ್ಯ. ಈ ಅಜ್ಜನ ಬಗ್ಗೆ ಮೊಮ್ಮಗನಿಗೆ ಬಹಳ ಹೆಮ್ಮೆ ಇತ್ತು.

ನಾಟಕ, ಕಾದಂಬರಿ, ರೇಡಿಯೋ ನಾಟಕ, ಸಣ್ಣ ಕಥೆ, ಪ್ರಬಂಧ, ಚಿತ್ರಕಲೆ, ಎಲ್ಲದಕ್ಕೂ ಕೈ ಹಾಕಿದವರು. ಪ್ರಪಂಚಕ್ಕೆ ಜಾಸ್ತಿ ಗೊತ್ತಿರುವುದು ಎರಡು ನಾಟಕಗಳಿಂದ: 1956ರ ‘ಮುದುಕಿಯ ಭೇಟಿ’ ಮತ್ತು 1962ರ ‘ಭೌತವಿಜ್ಞಾನಿಗಳು’.

ಜರ್ಮನಿಯವರು ಅಂದುಕೊಂಡಿದ್ದೆ. ಅಲ್ವಾ?

ಅಲ್ಲ. ಜರ್ಮನ್‌ನಲ್ಲಿ ಬರೆದರು, ಅಷ್ಟೇ. ಮನೆಯಲ್ಲಿ ಆಡುತ್ತಿದ್ದದ್ದು ಬರ್ನ್ ಕಡೆಯ ಆಡುಮಾತು. ಕೊನೆಯ 38 ವರ್ಷ ಬದುಕಿದ್ದಂತೂ ಫ್ರೆಂಚ್ ಮಾತಾಡುವ ಊರಿನಲ್ಲಿ.

ಸ್ವಿಸ್ ಆಗಿದ್ದದ್ದರಿಂದ ಅವರಿಗೆ ಒಂದು ದೊಡ್ಡ ಅನುಕೂಲ ಆಯಿತು. ಹಿಟ್ಲರನ ಕಾಲದಲ್ಲಿ ಜರ್ಮನಿ, ಆಸ್ಟ್ರಿಯಾ ಬಿಟ್ಟು ಓಡಿಬಂದ ಒಳ್ಳೊಳ್ಳೆಯ ನಟರು, ನಿರ್ದೇಶಕರು ಜ್ಯೂರಿಕ್‌ನ ಷೌಷ್ಪೀಲ್‌ಹೌಸ್ ರಂಗಮಂದಿರದಲ್ಲಿ ಸೇರಿಕೊಂಡಿದ್ದರು. ಜರ್ಮನ್ ನಾಟಕಕಾರ ಬ್ರೆಖ್ಟ್ ಅವರ ‘ಮದರ್ ಕರೇಜ್’ ಮೊದಲು ರಂಗಕ್ಕೆ ಬಂದಿದ್ದು ಅಲ್ಲೇ, 1941ರಲ್ಲಿ. ಮುಖ್ಯ ಪಾತ್ರ ತೆರೇಸಾ ಗೀಸೆ ಅವರದು. ಯುದ್ಧ ಮುಗಿದಾಗ ಜರ್ಮನಿಯ ರಂಗಮಂದಿರಗಳು ಎಷ್ಟೋ ಕಡೆ ಬಾಂಬಿಗೆ ಸಿಕ್ಕಿ ಬಿದ್ದುಹೋಗಿದ್ದವು. ಜ್ಯೂರಿಕ್‌ನಲ್ಲಿ ಮಾತ್ರ ಕಟ್ಟಡವೂ ಇತ್ತು, ತಂಡವೂ ಇತ್ತು, ಹೊಸ ನಾಟಕ ಬೇಕು ಅನ್ನುವ ಹಸಿವೂ ಇತ್ತು. ಹೆಸರೇ ಕೇಳಿರದ 26 ವರ್ಷದ ಹುಡುಗನ ಮೊದಲ ನಾಟಕಕ್ಕೆ ಅಂಥ ವೇದಿಕೆ ಸಿಕ್ಕಿದ್ದು ಹಾಗೆ.

ಮೊದಲ ನಾಟಕವೇ ಹಿಟ್ ಆಯಿತಾ?

ಹಿಟ್ ಅಲ್ಲ, ಗಲಾಟೆ ಆಯಿತು. ‘ಹೀಗೆ ಬರೆದಿದೆ’ ಎಂಬ ನಾಟಕ 1947ರ ಏಪ್ರಿಲ್ 19ರಂದು ಷೌಷ್ಪೀಲ್‌ಹೌಸ್‌ನಲ್ಲಿ ಮೊದಲು ಆಡಿದರು. 16ನೇ ಶತಮಾನದಲ್ಲಿ ಮ್ಯೂನ್‌ಸ್ಟರ್ ನಗರವನ್ನು ಹಿಡಿದು, ದೇವರ ರಾಜ್ಯ ಬಂತು ಎಂದು ಸಾರಿದ ಒಂದು ಕ್ರೈಸ್ತ ಪಂಥದ ಕಥೆ ಅದು. ಪ್ರೇಕ್ಷಕರು ಕೂಗಿದರು, ಸೀಟಿ ಹೊಡೆದರು. ಆದರೂ ಒಂದು ಬಹುಮಾನ ಬಂತು. ಇನ್ನೊಬ್ಬ ಸ್ವಿಸ್ ಲೇಖಕ ಮ್ಯಾಕ್ಸ್ ಫ್ರಿಶ್ ಥರದವರು ಇವನಲ್ಲಿ ಏನೋ ಇದೆ ಎಂದು ಗುರುತಿಸಿದರು.

ಮುಂದಿನ ವರ್ಷ ಬಾಸೆಲ್‌ನಲ್ಲಿ ಬಂದ ‘ಕುರುಡ’ ಸೋತಿತು, ಗಲಾಟೆ ಸಹ ಆಗಲಿಲ್ಲ. 1949ರಲ್ಲಿ ‘ಮಹಾನ್ ರೊಮುಲುಸ್’. ರೋಮ್ ಸಾಮ್ರಾಜ್ಯ ಕುಸಿಯುತ್ತಿದೆ, ಶತ್ರುಗಳು ಬಾಗಿಲಿಗೆ ಬಂದಿದ್ದಾರೆ, ಚಕ್ರವರ್ತಿ ಮಾತ್ರ ಕೋಳಿ ಸಾಕಿಕೊಂಡು ಮೊಟ್ಟೆ ತಿನ್ನುತ್ತಾ ಕೂತಿದ್ದಾನೆ. ಅವನು ಸೋಮಾರಿಯಲ್ಲ. ಇಷ್ಟು ರಕ್ತ ಹರಿಸಿದ ಸಾಮ್ರಾಜ್ಯ ಮುಗಿಯಲಿ ಎಂದು ಬೇಕೆಂದೇ ಕೈ ಕಟ್ಟಿ ಕೂತವನು. ನನ್ನ ಪ್ರಕಾರ ಅವರ ನಾಟಕಗಳಲ್ಲಿ ಸಿಗಬೇಕಾದ ಮರ್ಯಾದೆ ಸಿಗದೆ ಹೋದದ್ದು ಇದಕ್ಕೇ. ಎಲ್ಲರೂ ‘ಮುದುಕಿಯ ಭೇಟಿ’ಗೆ ಓಡುತ್ತಾರೆ, ಇದನ್ನು ತಿರುಗಿ ನೋಡುವುದಿಲ್ಲ.

ನಾಟಕಕಾರ ಪತ್ತೇದಾರಿ ಕಾದಂಬರಿ ಯಾಕೆ ಬರೆದರು?

ದುಡ್ಡಿಗೆ. ಇದನ್ನು ಮುಚ್ಚಿಡುವುದೇನೂ ಬೇಡ, ಅವರೂ ಮುಚ್ಚಿಡಲಿಲ್ಲ. 1946ರಲ್ಲಿ ನಟಿ ಲೊಟ್ಟಿ ಗೈಸ್ಲರ್ ಅವರನ್ನು ಮದುವೆಯಾದರು. ಅದೇ ವರ್ಷ ವಿಶ್ವವಿದ್ಯಾಲಯ ಬಿಟ್ಟರು. ಡೆನ್ಮಾರ್ಕಿನ ತತ್ವಜ್ಞಾನಿ ಕೀರ್ಕೆಗಾರ್ಡ್ ಬಗ್ಗೆ ಡಾಕ್ಟರೇಟ್ ಮಾಡುತ್ತೇನೆ ಎಂದಿದ್ದು ಮಾತಿನಲ್ಲೇ ಉಳಿಯಿತು. ಐದು ವರ್ಷದಲ್ಲಿ ಮೂರು ಮಕ್ಕಳು, ಸಂಬಳದ ಕೆಲಸ ಇಲ್ಲ, ನಾಟಕದಿಂದ ಬರುವ ಕಾಸು ಯಾವುದಕ್ಕೂ ಸಾಲದು, ಜೊತೆಗೆ ಸಕ್ಕರೆ ಕಾಯಿಲೆ. ಆಗ ‘ಷ್ವೈಟ್ಸರಿಷೆ ಬೆಓಬಾಖ್ಟರ್’ ಎಂಬ ಪತ್ರಿಕೆಗೆ ಧಾರಾವಾಹಿ ಬರೆಯಲು ಒಪ್ಪಿಕೊಂಡರು. 1950ರ ಕೊನೆಯಿಂದ 1951ರವರೆಗೆ ಕಂತು ಕಂತಾಗಿ ಬಂದದ್ದು ‘ನ್ಯಾಯಾಧೀಶ ಮತ್ತು ಅವನ ಗಲ್ಲುಗಾರ’. ಅದರ ಬೆನ್ನಿಗೇ ‘ಅನುಮಾನ’.

ಎರಡರಲ್ಲೂ ನಾಯಕ ಬರ್ನ್ ಪೊಲೀಸ್ ಇಲಾಖೆಯ ಮುದಿ ಅಧಿಕಾರಿ ಬೇರ್ಲಾಖ್. ಹೊಟ್ಟೆಯ ಕಾಯಿಲೆ, ಇನ್ನೊಂದು ವರ್ಷ ಬದುಕಿದರೆ ಹೆಚ್ಚು. ಎಷ್ಟೋ ವರ್ಷದ ಹಿಂದೆ ತುರ್ಕಿಯಲ್ಲಿ ಒಬ್ಬ ಅವನ ಜೊತೆ ಪಂದ್ಯ ಕಟ್ಟಿ, ಅವನ ಕಣ್ಣೆದುರೇ ಕೊಲೆ ಮಾಡಿ, ಸಾಬೀತು ಮಾಡು ನೋಡೋಣ ಎಂದಿದ್ದ. ಬೇರ್ಲಾಖ್‌ಗೆ ಆಗಲಿಲ್ಲ. ಈಗ ಆ ಮನುಷ್ಯನನ್ನು ಅವನು ಮಾಡಿದ ಕೊಲೆಗಲ್ಲ, ಮಾಡದ ಕೊಲೆಗೆ ಶಿಕ್ಷೆ ಕೊಡಿಸಲು ಹೊರಡುತ್ತಾನೆ. ಸರಿ ಯಾವುದು, ತಪ್ಪು ಯಾವುದು? ಪುಸ್ತಕ ಮುಗಿದಾಗ ಕೊಲೆಗಾರ ಯಾರು ಅಂತ ಗೊತ್ತಾಗುತ್ತದೆ. ನ್ಯಾಯ ಸಿಕ್ಕಿತೋ ಇಲ್ಲವೋ ಅಂತ ಗೊತ್ತಾಗುವುದಿಲ್ಲ.

ಬಾಡಿಗೆ ಕಟ್ಟಲು ಬರೆದ ಈ ಪುಸ್ತಕ ಇವತ್ತಿಗೂ ಸ್ವಿಟ್ಜರ್‌ಲೆಂಡ್, ಜರ್ಮನಿಯ ಶಾಲೆಗಳಲ್ಲಿ ಪಠ್ಯ. ಕಷ್ಟಪಟ್ಟು, ತತ್ವಶಾಸ್ತ್ರ ಬೆರೆಸಿ ಬರೆದ ‘ಕುರುಡ’ವನ್ನು ಈಗ ಸಂಶೋಧಕರು ಬಿಟ್ಟರೆ ಓದುವವರಿಲ್ಲ. ಡ್ಯೂರೆನ್‌ಮಾಟ್ ಇದನ್ನು ಬೇಗ ಅರ್ಥ ಮಾಡಿಕೊಂಡರು. 1950ರ ದಶಕದ ನಡುವೆ ಬರೆದ ‘ರಂಗಭೂಮಿಯ ಸಮಸ್ಯೆಗಳು’ ಎಂಬ ಪ್ರಬಂಧದ ಕೊನೆಯಲ್ಲಿ, ಕಲೆ ಇರಬಹುದು ಎಂದು ಯಾರೂ ಅನುಮಾನ ಪಡದ ಕಡೆ, ಅಂದರೆ ಪತ್ತೇದಾರಿ ಕಥೆಯಂಥ ಕಡೆ, ಕಲೆ ಮಾಡಬೇಕು ಎಂಬ ಅರ್ಥದ ಮಾತು ಬರುತ್ತದೆ.

ರೇಡಿಯೋ ನಾಟಕ ಬರೆದಿದ್ದೂ ದುಡ್ಡಿಗೇನಾ?

ಹೌದು, ಬಹುಮಟ್ಟಿಗೆ. ಯುದ್ಧದ ನಂತರ ಜರ್ಮನ್ ರೇಡಿಯೋ ಕೇಂದ್ರಗಳು ಒಳ್ಳೆಯ ಸಂಭಾವನೆ ಕೊಡುತ್ತಿದ್ದವು. ಆ ಕಾಲದ ಎಷ್ಟೋ ಜರ್ಮನ್ ಲೇಖಕರ ಮನೆ ನಡೆದಿದ್ದು ರೇಡಿಯೋದಿಂದಲೇ.

1956ರ ‘ಗಾಡಿ ಕೆಟ್ಟಾಗ’ ಇದರಲ್ಲಿ ಮುಖ್ಯವಾದದ್ದು. ಟ್ರಾಪ್ಸ್ ಎಂಬ ವ್ಯಾಪಾರಿಯ ಕಾರು ಒಂದು ಹಳ್ಳಿಯ ಹತ್ತಿರ ಕೆಟ್ಟು ನಿಲ್ಲುತ್ತದೆ. ರಾತ್ರಿ ತಂಗಲು ಒಂದು ಮನೆಗೆ ಹೋಗುತ್ತಾನೆ. ಅಲ್ಲಿ ನಿವೃತ್ತ ನ್ಯಾಯಾಧೀಶ, ನಿವೃತ್ತ ಸರ್ಕಾರಿ ವಕೀಲ, ನಿವೃತ್ತ ಡಿಫೆನ್ಸ್ ವಕೀಲ ಸೇರಿಕೊಂಡು ಭರ್ಜರಿ ಊಟ, ವೈನ್ ಜೊತೆ ಸುಮ್ನೆ ಆಟಕ್ಕೆ ಕೋರ್ಟು ನಡೆಸುತ್ತಾರೆ. ನೀನೂ ಬಾ, ಆರೋಪಿಯಾಗು ಅನ್ನುತ್ತಾರೆ. ನಾನೇನೂ ತಪ್ಪು ಮಾಡಿಲ್ಲ ಎಂದು ನಗುತ್ತಾ ಕೂರುತ್ತಾನೆ. ಊಟ ಮುಗಿಯುವ ಹೊತ್ತಿಗೆ ಅವನ ಮೇಲೆ ಕೊಲೆ ಆರೋಪ ಸಾಬೀತಾಗಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವನಿಗೇ ಅದು ಇಷ್ಟವಾಗಿಬಿಟ್ಟಿರುತ್ತದೆ. ತನ್ನ ಚಿಲ್ಲರೆ ಬದುಕಿಗೆ ಇಷ್ಟು ದೊಡ್ಡ ಅರ್ಥ ಇತ್ತೇ ಎಂದು ಖುಷಿಪಡುತ್ತಾನೆ.

ಇದೇ ಕಥೆ ಗದ್ಯದಲ್ಲೂ ಇದೆ, ಕೊನೆ ಬೇರೆ. ರೇಡಿಯೋದಲ್ಲಿ ಟ್ರಾಪ್ಸ್ ಬೆಳಗ್ಗೆ ಎದ್ದು ಎಲ್ಲ ಮರೆತು ಕಾರು ಹತ್ತಿ ಹೋಗುತ್ತಾನೆ. ಗದ್ಯದಲ್ಲಿ ನೇಣು ಹಾಕಿಕೊಳ್ಳುತ್ತಾನೆ. ಒಂದೇ ಕಥೆಗೆ ಬೇರೆ ಬೇರೆ ಕೊನೆ ಬರೆದು ನೋಡುವುದು ಅವರ ಚಟ. ನಾಟಕ ಅಚ್ಚಾದ ಮೇಲೂ ತಿದ್ದುತ್ತಲೇ ಇದ್ದರು. ಅದಕ್ಕೇ ಯಾವ ಆವೃತ್ತಿ ಓದುತ್ತಿದ್ದೀರಿ ಅನ್ನುವುದು ಮುಖ್ಯ.

‘ಮುದುಕಿಯ ಭೇಟಿ’ ಅಷ್ಟು ದೊಡ್ಡದಾಗಲು ಕಾರಣ ಏನು?

ಕಥೆಯನ್ನು ಎರಡು ವಾಕ್ಯದಲ್ಲಿ ಹೇಳಬಹುದು, ಮತ್ತು ಕೇಳಿದ ಯಾರಿಗೂ ಅದು ಬೇರೆ ದೇಶದ ಕಥೆ ಅನ್ನಿಸುವುದಿಲ್ಲ. ಗ್ಯೂಲೆನ್ ಎಂಬ ದಿವಾಳಿ ಎದ್ದ ಊರಿಗೆ, ಅಲ್ಲೇ ಹುಟ್ಟಿ ಬೆಳೆದ, ಈಗ ಪ್ರಪಂಚದಲ್ಲೇ ದೊಡ್ಡ ಶ್ರೀಮಂತೆಯಾದ ಕ್ಲೇರ್ ಜಹನಾಸಿಯಾನ್ ವಾಪಸ್ ಬರುತ್ತಾಳೆ. ನೂರು ಕೋಟಿ ಕೊಡುತ್ತೇನೆ, ಅರ್ಧ ಊರಿಗೆ, ಅರ್ಧ ಮನೆಮನೆಗೆ ಹಂಚಲು, ಆದರೆ ಆಲ್‌ಫ್ರೆಡ್ ಇಲ್ ಎಂಬ ಅಂಗಡಿಯವನನ್ನು ಯಾರಾದರೂ ಕೊಲ್ಲಬೇಕು ಅನ್ನುತ್ತಾಳೆ.

ಹರೆಯದಲ್ಲಿ ಇಲ್ ಅವಳನ್ನು ಬಸಿರು ಮಾಡಿ ಕೈಬಿಟ್ಟಿದ್ದ. ಕೋರ್ಟಿನಲ್ಲಿ ಇಬ್ಬರಿಗೆ ಹೆಂಡ ಕುಡಿಸಿ ಸುಳ್ಳು ಸಾಕ್ಷಿ ಹೇಳಿಸಿದ್ದ. ಊರೆಲ್ಲ ಅವಳನ್ನು ನೋಡಿ ನಕ್ಕಿತ್ತು. ಈಗ ಮೇಯರ್ ಎದ್ದು ನಿಂತು, ನಾವು ಬಡವರಿರಬಹುದು, ರಕ್ತದ ದುಡ್ಡು ಬೇಡ ಅನ್ನುತ್ತಾನೆ. ಚಪ್ಪಾಳೆ. ಅವಳು ಕಾಯುತ್ತೇನೆ ಅನ್ನುತ್ತಾಳೆ.

ಆಮೇಲಿನದು ಭಯಂಕರ. ಯಾರೂ ಇಲ್‌ನನ್ನು ಬೆದರಿಸುವುದಿಲ್ಲ, ಎಲ್ಲರೂ ಅವನ ಪರ ಅಂತಲೇ ಮಾತಾಡುತ್ತಾರೆ, ಆದರೆ ಅವನದೇ ಅಂಗಡಿಗೆ ಬಂದು ದುಬಾರಿ ಸಿಗರೇಟು, ದುಬಾರಿ ಬ್ರಾಂದಿ, ಚಾಕೊಲೇಟು ಎಲ್ಲ ಸಾಲ ಬರೆಸಿ ಒಯ್ಯತೊಡಗುತ್ತಾರೆ. ಒಂದು ದಿನ ಇಲ್ ನೋಡುತ್ತಾನೆ: ಎಲ್ಲರ ಕಾಲಿನಲ್ಲೂ ಹೊಸ ಹಳದಿ ಬೂಟು. ಈ ಸಾಲವನ್ನು ಇವರು ಯಾವ ದುಡ್ಡಿನಿಂದ ತೀರಿಸುತ್ತಾರೆ? ಅವನ ಹೆಂಡತಿ ಮಕ್ಕಳೂ ಅದೇ ಲೆಕ್ಕದಲ್ಲಿ ಹೊಸ ಬಟ್ಟೆ, ಕಾರು ತೆಗೆದುಕೊಳ್ಳುತ್ತಾರೆ. ಕೊಲೆಯ ತೀರ್ಮಾನವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಂಗಡಿಯ ಸಾಲದ ಪುಸ್ತಕದಲ್ಲಿ ಅದು ತಾನಾಗಿ ಬರೆದುಕೊಂಡು ಹೋಗುತ್ತದೆ. ಹಳದಿ ಬೂಟಿನ ಆ ಒಂದು ದೃಶ್ಯಕ್ಕಾಗಿ ನಾನು ಅವರ ಇಡೀ ಕೊನೆಗಾಲದ ನಾಟಕಗಳನ್ನು ಬಿಟ್ಟುಕೊಡಲು ತಯಾರು.

1956ರ ಜನವರಿ 29ರಂದು ಜ್ಯೂರಿಕ್‌ನಲ್ಲಿ ಮೊದಲ ಪ್ರದರ್ಶನ. ಕ್ಲೇರ್ ಪಾತ್ರ ಅದೇ ತೆರೇಸಾ ಗೀಸೆ ಅವರದು. 1958ರಲ್ಲಿ ಪೀಟರ್ ಬ್ರೂಕ್ ನಿರ್ದೇಶನದಲ್ಲಿ ಬ್ರಾಡ್‌ವೇಗೆ ಹೋಯಿತು. ನ್ಯೂಯಾರ್ಕ್ ನಾಟಕ ವಿಮರ್ಶಕರ ಬಳಗ ಅದನ್ನು ಅತ್ಯುತ್ತಮ ವಿದೇಶಿ ನಾಟಕ ಎಂದು ಆರಿಸಿತು. ಮಹಾಭಾರತದ ಬ್ರೂಕ್ ಅಂದರೆ ನಮ್ಮ ರಂಗದವರಿಗೆ ಗೊತ್ತಲ್ಲ, ಅದೇ ಬ್ರೂಕ್.

ಅದನ್ನು ಸಿನಿಮಾ ಮಾಡಿದ್ದಾರಂತೆ?

1964ರಲ್ಲಿ ಇಂಗ್ರಿಡ್ ಬರ್ಗ್‌ಮನ್, ಆಂಟನಿ ಕ್ವಿನ್ ಇಟ್ಟುಕೊಂಡು ಒಂದು ಮಾಡಿದರು. ಅದರಲ್ಲಿ ಕೊನೆಗೆ ಇಲ್‌ನನ್ನು ಕೊಲ್ಲುವುದೇ ಇಲ್ಲ. ಇಡೀ ನಾಟಕದ ಬೆನ್ನೆಲುಬನ್ನೇ ಕಿತ್ತ ಹಾಗಾಯಿತು. ನೋಡದಿದ್ದರೂ ನಷ್ಟವಿಲ್ಲ.

ನೋಡಬೇಕಾದದ್ದು 1992ರ ‘ಹೈಯೆನ್’, ಅಂದರೆ ಕತ್ತೆಕಿರುಬಗಳು. ಸೆನೆಗಲ್ ದೇಶದ ಜಿಬ್ರಿಲ್ ಜಾಪ್ ಮಾಂಬೆಟಿ ನಿರ್ದೇಶಿಸಿದ ಚಿತ್ರ. ಊರು ಕೊಲೊಬಾನ್, ಮುದುಕಿ ಲಿಂಗೆರ್ ರಮತೂ. ಹಳದಿ ಬೂಟಿನ ಜೊತೆಗೆ ಇಲ್ಲಿ ಫ್ಯಾನು, ಫ್ರಿಜ್ಜು ಬರುತ್ತವೆ. ಹೊರಗಿನ ದುಡ್ಡಿಗೆ ಬಾಯಿಬಿಟ್ಟ ಬಡ ದೇಶದ ಕಥೆಯಾಗಿ ನಾಟಕ ಇನ್ನೂ ಹರಿತವಾಗುತ್ತದೆ. 1971ರಲ್ಲಿ ವಿಯೆನ್ನಾದಲ್ಲಿ ಗಾಟ್‌ಫ್ರೀಡ್ ಫಾನ್ ಐನೆಮ್ ಇದೇ ಕಥೆಯನ್ನು ಆಪೆರಾ ಮಾಡಿದರು. ಅದಕ್ಕೆ ಮಾತು ಬರೆದುಕೊಟ್ಟವರು ಡ್ಯೂರೆನ್‌ಮಾಟ್ ಅವರೇ. ಬ್ರಾಡ್‌ವೇ ಮ್ಯೂಸಿಕಲ್ ಕೂಡ ಒಂದಿದೆ, 2015ರದ್ದು.

‘ಭೌತವಿಜ್ಞಾನಿಗಳು’ ಅಣುಬಾಂಬಿನ ಬಗ್ಗೆ ಅಲ್ವಾ? ಈಗ ಹಳೆಯದಾಗಿಲ್ಲವಾ?

ಬಾಂಬಿನ ಕಾಲದ್ದು ಹೌದು. ಅಣುಬಾಂಬು ಮಾಡಿದ ವಿಜ್ಞಾನಿಗಳ ಬಗ್ಗೆ ರಾಬರ್ಟ್ ಯುಂಕ್ ಬರೆದ ಪುಸ್ತಕವನ್ನು ಡ್ಯೂರೆನ್‌ಮಾಟ್ 1956ರಲ್ಲಿ ವಿಮರ್ಶೆ ಮಾಡಿದ್ದರು. ನಾಟಕದ ಬೀಜ ಅಲ್ಲೇ ಕಾಣುತ್ತದೆ. 1962ರ ಫೆಬ್ರವರಿ 21ರಂದು ಮೊದಲ ಪ್ರದರ್ಶನ. ಶೀತಲ ಸಮರ ಜೋರಾಗಿದ್ದ ಸಮಯ.

ಒಂದು ಹುಚ್ಚಾಸ್ಪತ್ರೆ. ಮೂವರು ರೋಗಿಗಳು, ಮೂವರೂ ಭೌತವಿಜ್ಞಾನಿಗಳು. ಒಬ್ಬ ನ್ಯೂಟನ್ ಅನ್ನುತ್ತಾನೆ, ಒಬ್ಬ ಐನ್‌ಸ್ಟೈನ್ ಅನ್ನುತ್ತಾನೆ, ಮೂರನೆಯವ ಮೋಬಿಯುಸ್ ತನಗೆ ರಾಜ ಸೊಲೊಮನ್ ಕಾಣಿಸುತ್ತಾನೆ ಅನ್ನುತ್ತಾನೆ. ಮೂವರೂ ಹುಚ್ಚರಲ್ಲ. ಮೋಬಿಯುಸ್ ಪ್ರಪಂಚವನ್ನೇ ನಾಶ ಮಾಡಬಲ್ಲ ಸಿದ್ಧಾಂತ ಕಂಡುಹಿಡಿದು, ಅದು ಯಾರ ಕೈಗೂ ಸಿಗಬಾರದು ಎಂದು ಹೆಂಡತಿ ಮಕ್ಕಳನ್ನೂ ಬಿಟ್ಟು ಹುಚ್ಚನ ವೇಷ ಹಾಕಿದ್ದಾನೆ. ಉಳಿದಿಬ್ಬರು ಅವನ ಬೆನ್ನುಹತ್ತಿ ಬಂದ ಎರಡು ದೇಶದ ಗೂಢಚಾರರು. ಗುಟ್ಟು ಬಯಲಾಗದಿರಲು ಮೂವರೂ ಒಬ್ಬೊಬ್ಬ ನರ್ಸನ್ನು ಕೊಂದಿದ್ದಾರೆ. ಕೊನೆಗೆ ಮೂವರೂ ಸೇರಿ, ನಾವು ಇಲ್ಲೇ ಇದ್ದುಬಿಡೋಣ ಎಂದು ತೀರ್ಮಾನಿಸುತ್ತಾರೆ. ಅಷ್ಟರಲ್ಲಿ ಆಸ್ಪತ್ರೆಯ ಮುಖ್ಯ ಡಾಕ್ಟರಮ್ಮ ಬರುತ್ತಾಳೆ. ಅವಳು ಆ ಕಾಗದಗಳನ್ನೆಲ್ಲ ಎಂದೋ ನಕಲು ಮಾಡಿಕೊಂಡು ಉದ್ದಿಮೆ ಕಟ್ಟಿ ಆಗಿದೆ. ನಿಜವಾಗಿ ಹುಚ್ಚು ಹಿಡಿದಿರುವುದು ಅವಳಿಗೆ.

ಹಳೆಯದಾಗಿದೆಯಾ ಅಂದರೆ, ಗೂಢಚಾರರ ಭಾಗ ಸ್ವಲ್ಪ ಹಳಸಿದೆ, ನಿಜ. ಆದರೆ ಒಮ್ಮೆ ಯೋಚಿಸಿದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ ಅನ್ನುವ ವಾದ, ಅದನ್ನು ಕೊನೆಗೆ ಒಯ್ಯುವುದು ಸರ್ಕಾರ ಅಲ್ಲ, ಒಬ್ಬ ಖಾಸಗಿ ಮಾಲೀಕಳು ಅನ್ನುವ ತಿರುವು, ಇವೆರಡು ಇವತ್ತು ಇನ್ನೂ ಹತ್ತಿರ ಬಂದಿವೆ. 1962-63ರ ಸಾಲಿನಲ್ಲಿ ಜರ್ಮನ್ ರಂಗದಲ್ಲಿ ಅತಿ ಹೆಚ್ಚು ಆಡಿದ ನಾಟಕ ಇದು. ಪುಸ್ತಕದ ಕೊನೆಯಲ್ಲಿ 21 ಸಣ್ಣ ಟಿಪ್ಪಣಿಗಳಿವೆ, ತಪ್ಪದೆ ಓದಿ. ಕಥೆಯೊಂದು ತನ್ನ ಅತಿ ಕೆಟ್ಟ ತಿರುವನ್ನು ಮುಟ್ಟಿದಾಗಲೇ ಅದನ್ನು ಪೂರ್ತಿ ಯೋಚಿಸಿದ ಹಾಗೆ, ಮತ್ತು ಆ ತಿರುವು ಬರುವುದು ಆಕಸ್ಮಿಕದಿಂದ ಅನ್ನುತ್ತಾರೆ. ಅವರ ನಾಟಕ, ಕಾದಂಬರಿ ಎರಡಕ್ಕೂ ಅದೇ ಕೀಲಿಕೈ.

ಬ್ರೆಖ್ಟ್ ಥರದವರಾ?

ಬ್ರೆಖ್ಟ್ ಇಲ್ಲದೆ ಇವರಿಲ್ಲ, ಆದರೆ ಬ್ರೆಖ್ಟ್ ನಂಬಿದ್ದನ್ನು ಇವರು ನಂಬಲಿಲ್ಲ. 1955ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ನಡೆದ ಚರ್ಚೆಗೆ ಡ್ಯೂರೆನ್‌ಮಾಟ್ ಒಂದು ಪ್ರಶ್ನೆ ಎತ್ತಿಕೊಟ್ಟರು: ಈಗಿನ ಪ್ರಪಂಚವನ್ನು ರಂಗದ ಮೇಲೆ ತೋರಿಸಲು ಸಾಧ್ಯವಾ? ಬದಲಾಯಿಸಬಹುದಾದ ಪ್ರಪಂಚ ಎಂದು ತೋರಿಸಿದರೆ ಮಾತ್ರ ಸಾಧ್ಯ ಎಂದು ಬ್ರೆಖ್ಟ್ ಬರೆದು ಕಳಿಸಿದರು. ಬದಲಾಗುತ್ತದೆ ಅನ್ನುವ ಆ ಭರವಸೆ ಡ್ಯೂರೆನ್‌ಮಾಟ್ ಅವರಿಗೆ ಇರಲಿಲ್ಲ. ನಮ್ಮ ಕಾಲದಲ್ಲಿ ತಪ್ಪು ಯಾರೊಬ್ಬರದೂ ಅಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪ ಪಾಲುದಾರರು, ಹಾಗಿರುವಾಗ ದುರಂತ ನಾಟಕಕ್ಕೆ ಜಾಗವೇ ಇಲ್ಲ, ಕಾಮಿಡಿಯೊಂದೇ ಉಳಿದಿರುವುದು ಅನ್ನುವುದು ಅವರ ವಾದ.

ಮ್ಯಾಕ್ಸ್ ಫ್ರಿಶ್ ಜೊತೆ ಜಗಳ ಇತ್ತಾ?

ಸ್ನೇಹ ಇತ್ತು, ಪೈಪೋಟಿ ಇತ್ತು, ಆಮೇಲೆ ದೂರ ಆದರು. ಫ್ರಿಶ್ ಹತ್ತು ವರ್ಷ ದೊಡ್ಡವರು. ಇಬ್ಬರ ಹೆಸರನ್ನೂ ಜನ ಜೋಡಿ ಮಾಡಿ ಹೇಳುತ್ತಿದ್ದದ್ದು ಇಬ್ಬರಿಗೂ ಕಿರಿಕಿರಿ ಆಗಿರಬೇಕು. ಒಬ್ಬರು ಹೋದ ನಾಲ್ಕು ತಿಂಗಳಿಗೆ ಇನ್ನೊಬ್ಬರೂ ಹೋದರು.

‘ವಚನ’ ಕಾದಂಬರಿ ಸಿನಿಮಾದಿಂದ ಬಂದದ್ದಾ, ಸಿನಿಮಾ ಕಾದಂಬರಿಯಿಂದ ಬಂದದ್ದಾ?

ಮೊದಲು ಸಿನಿಮಾ. ಮಕ್ಕಳ ಮೇಲಿನ ಅಪರಾಧಗಳ ಬಗ್ಗೆ ತಂದೆತಾಯಿಯರನ್ನು ಎಚ್ಚರಿಸುವ ಚಿತ್ರ ಬೇಕು ಎಂದು ನಿರ್ಮಾಪಕರು ಕೇಳಿದರು, ಡ್ಯೂರೆನ್‌ಮಾಟ್ ಕಥೆ ಬರೆದರು, 1958ರಲ್ಲಿ ಚಿತ್ರ ಬಂತು. ಚಿತ್ರದಲ್ಲಿ ಪೊಲೀಸ್ ಅಧಿಕಾರಿ ಮತ್ತೇಯಿ ಕೊಲೆಗಾರನನ್ನು ಹಿಡಿಯುತ್ತಾನೆ, ಎಲ್ಲ ಸುಖಾಂತ. ಅವರಿಗೆ ಅದು ಒಗ್ಗಲಿಲ್ಲ. ಅದೇ ಕಥೆಯನ್ನು ಅದೇ ವರ್ಷ ಕಾದಂಬರಿ ಮಾಡಿದರು, ಪತ್ತೇದಾರಿ ಕಾದಂಬರಿಗೆ ಚರಮಗೀತೆ ಎಂದು ಅಡಿಬರಹ ಕೊಟ್ಟರು.

ಕಾದಂಬರಿಯಲ್ಲಿ ಮತ್ತೇಯಿಯ ಲೆಕ್ಕಾಚಾರ ಪೂರ್ತಿ ಸರಿ. ಕೆಲಸ ಬಿಟ್ಟು, ಪೆಟ್ರೋಲ್ ಬಂಕ್ ಇಟ್ಟು, ಸತ್ತ ಹುಡುಗಿಯ ಹಾಗೇ ಕಾಣುವ ಒಂದು ಮಗುವನ್ನು ಗಾಳಕ್ಕೆ ಸಿಕ್ಕಿಸಿದ ಹುಳುವಿನ ಹಾಗೆ ಅಲ್ಲಿ ಇಟ್ಟುಕೊಂಡು ಕಾಯುತ್ತಾನೆ. ಕೊಲೆಗಾರ ನಿಜವಾಗಿ ಅಲ್ಲಿಗೇ ಹೊರಟಿದ್ದ. ದಾರಿಯಲ್ಲಿ ಆಕ್ಸಿಡೆಂಟ್ ಆಗಿ ಸತ್ತ. ಮತ್ತೇಯಿಗೆ ಅದು ಗೊತ್ತಿಲ್ಲ. ಅವನು ಕಾಯುತ್ತಲೇ ಇರುತ್ತಾನೆ, ವರ್ಷಗಟ್ಟಲೆ, ಕುಡಿದು ಹಾಳಾಗಿ. 2001ರಲ್ಲಿ ಶಾನ್ ಪೆನ್ ಇದನ್ನು ಜಾಕ್ ನಿಕಲ್ಸನ್ ಜೊತೆ ಮತ್ತೆ ಚಿತ್ರ ಮಾಡಿದಾಗ ಕಾದಂಬರಿಯ ಕೊನೆಯನ್ನೇ ಉಳಿಸಿಕೊಂಡರು. ಒಳ್ಳೆಯದಾಯಿತು.

ಯಾವ ಯಾವ ಪ್ರಶಸ್ತಿ ಬಂದಿದೆ? ನೊಬೆಲ್?

ನೊಬೆಲ್ ಬರಲಿಲ್ಲ. ಅವರು ಬರೆಯುತ್ತಿದ್ದ ಕಾಲದಲ್ಲಿ ಜರ್ಮನ್ ಭಾಷೆಯ ಹೈನ್ರಿಶ್ ಬೋಲ್ ಅವರಿಗೆ 1972ರಲ್ಲಿ, ಎಲಿಯಾಸ್ ಕನೆಟ್ಟಿ ಅವರಿಗೆ 1981ರಲ್ಲಿ ಬಂತು. ತಮಾಷೆ ಎಂದರೆ 1966ರ ‘ಉಲ್ಕೆ’ ನಾಟಕದಲ್ಲಿ ಅವರೇ ಒಬ್ಬ ನೊಬೆಲ್ ಲೇಖಕನನ್ನು ಸೃಷ್ಟಿ ಮಾಡಿದರು. ಆ ಮನುಷ್ಯನಿಗೆ ಸಾಯಬೇಕು, ಸಾವು ಬರುತ್ತಿಲ್ಲ, ಸುತ್ತಲಿನವರೆಲ್ಲ ಪಟಪಟ ಸಾಯುತ್ತಾರೆ.

ಬಂದವು ಬೇಕಾದಷ್ಟಿವೆ. ‘ಗಾಡಿ ಕೆಟ್ಟಾಗ’ಕ್ಕೆ ಯುದ್ಧದಲ್ಲಿ ಕಣ್ಣು ಕಳೆದುಕೊಂಡವರ ಸಂಘ ಕೊಡುವ ರೇಡಿಯೋ ನಾಟಕ ಪ್ರಶಸ್ತಿ, 1958ರಲ್ಲಿ ಇನ್ನೊಂದು ರೇಡಿಯೋ ನಾಟಕಕ್ಕೆ ಪ್ರೀ ಇಟಾಲಿಯಾ, 1959ರಲ್ಲಿ ಮನ್‌ಹೈಮ್ ನಗರದ ಷಿಲ್ಲರ್ ಪ್ರಶಸ್ತಿ, 1960ರಲ್ಲಿ ಸ್ವಿಸ್ ಷಿಲ್ಲರ್ ಪ್ರತಿಷ್ಠಾನದ ದೊಡ್ಡ ಪ್ರಶಸ್ತಿ, 1977ರಲ್ಲಿ ಬೂಬರ್-ರೋಸನ್‌ಸ್ವೈಗ್ ಪದಕ, 1983ರಲ್ಲಿ ಯುರೋಪಿನ ಸಾಹಿತ್ಯಕ್ಕೆ ಆಸ್ಟ್ರಿಯಾ ಸರ್ಕಾರದ ಪ್ರಶಸ್ತಿ. 1986ರಲ್ಲಿ ಗೇಯೋರ್ಗ್ ಬ್ಯೂಶ್ನರ್ ಪ್ರಶಸ್ತಿ, ಜರ್ಮನ್ ಸಾಹಿತ್ಯದಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಫ್ರಿಶ್ ಅವರಿಗೆ ಇದೇ ಪ್ರಶಸ್ತಿ 1958ರಲ್ಲೇ ಬಂದಿತ್ತು ಅಂತ ನೋಡಿದರೆ ತಡ ಆಯಿತು ಅನ್ನಲೇಬೇಕು.

ನನಗೆ ಇಷ್ಟವಾದದ್ದು 1969ರ ಬರ್ನ್ ಪ್ರಾಂತದ ಸಾಹಿತ್ಯ ಪ್ರಶಸ್ತಿಯ ಪ್ರಸಂಗ. ಪ್ರಶಸ್ತಿ ತೆಗೆದುಕೊಂಡರು, ದುಡ್ಡನ್ನು ಅಧಿಕಾರಸ್ಥರಿಗೆ ಹಿಡಿಸದ ಮೂವರಿಗೆ ಹಂಚಿಬಿಟ್ಟರು. ಸಭೆ ಹೇಗಿದ್ದಿರಬಹುದು ಊಹಿಸಿ.

1970ರ ನಂತರ ಅವರ ನಾಟಕಗಳ ಹೆಸರೇ ಕೇಳುವುದಿಲ್ಲ. ಏನಾಯಿತು?

ಬಿದ್ದವು. 1968ರಲ್ಲಿ ನಿರ್ದೇಶಕ ವೆರ್ನರ್ ಡ್ಯುಗೆಲಿನ್ ಜೊತೆ ಬಾಸೆಲ್ ರಂಗಮಂದಿರದ ಹೊಣೆ ಹೊತ್ತುಕೊಂಡರು. ಶುರು ಚೆನ್ನಾಗಿತ್ತು. ಸ್ವೀಡನ್ನಿನ ನಾಟಕಕಾರ ಸ್ಟ್ರಿಂಡ್‌ಬರ್ಗ್ ಅವರ ನಾಟಕವನ್ನು ಬಾಕ್ಸಿಂಗ್ ಪಂದ್ಯದ ಹಾಗೆ 12 ಸುತ್ತು ಮಾಡಿ ಬರೆದ ‘ಪ್ಲೇ ಸ್ಟ್ರಿಂಡ್‌ಬರ್ಗ್’ 1969ರಲ್ಲಿ ಅಲ್ಲೇ ಬಂತು, ಎಲ್ಲ ಕಡೆ ಓಡಿತು. ಅದೇ ವರ್ಷ ಹೃದಯಾಘಾತ ಆಯಿತು. ತಂಡದ ಒಳಗೆ ಭಿನ್ನಾಭಿಪ್ರಾಯ ಬಂತು, ಹೊರಗೆ ಬಂದರು.

1973ರಲ್ಲಿ ಜ್ಯೂರಿಕ್‌ನಲ್ಲಿ ‘ಜೊತೆಗಾರ’. ನಿರ್ದೇಶನಕ್ಕೆ ಪೋಲೆಂಡಿನ ಆಂದ್ರೇಯ್ ವೈದಾ ಬಂದಿದ್ದರು, ಇಬ್ಬರಿಗೂ ಸರಿಬರಲಿಲ್ಲ. ನಾಟಕ ನೆಲಕಚ್ಚಿತು. ಅದಾದ ಮೇಲೂ ನಾಟಕ ಬರೆದರು, 1983ರ ‘ಅಖ್ಟರ್‌ಲೋ’ವರೆಗೆ. ಹೇಳಿದರೆ ಬೇಜಾರು, ‘ಅಖ್ಟರ್‌ಲೋ’ ಓದಿ ಮುಗಿಸುವುದೇ ಸಾಹಸ.

ಆದರೆ ಸೋಲು ಅವರನ್ನು ಮತ್ತೆ ಗದ್ಯಕ್ಕೆ ತಳ್ಳಿತು, 1950ರಲ್ಲಿ ಸಾಲ ತಳ್ಳಿದ ಹಾಗೆಯೇ. ‘ಜೊತೆಗಾರ’ ಬಿದ್ದ ಮೇಲೆ ಅದರ ಸುತ್ತ ಟಿಪ್ಪಣಿ, ಟಿಪ್ಪಣಿಗೆ ಟಿಪ್ಪಣಿ, ನಡುವೆ ಕಥೆಗಳು ಎಲ್ಲ ಸೇರಿಸಿ 1976ರಲ್ಲಿ ಒಂದು ವಿಚಿತ್ರ ಪುಸ್ತಕ ತಂದರು. ನಾಟಕಕ್ಕಿಂತ ಆ ಪುಸ್ತಕ ಎಷ್ಟೋ ಮೇಲು. ಅದೇ ದಾರಿಯಲ್ಲಿ ‘ಷ್ಟೊಫೆ’ ಅಂದರೆ ಕಥಾವಸ್ತುಗಳು ಎಂಬ ದೊಡ್ಡ ಕೃತಿ ಬೆಳೆಯಿತು. ಮೊದಲ ಸಂಪುಟ 1981ರಲ್ಲಿ, ಎರಡನೆಯದು 1990ರಲ್ಲಿ. ಆತ್ಮಕಥೆ ಅನ್ನಬಹುದು, ಆದರೆ ಬದುಕಿನ ಬದಲು, ತಲೆಗೆ ಬಂದು ಬರೆಯದೆ ಉಳಿದ ಕಥೆಗಳ ಚರಿತ್ರೆ ಅದರಲ್ಲಿದೆ. ‘ಮುದುಕಿಯ ಭೇಟಿ’ಯ ಮೂಲರೂಪವೂ ಅಲ್ಲಿ ಸಿಗುತ್ತದೆ: ಅದು ಮೊದಲು ಮುದುಕಿಯ ಕಥೆ ಆಗಿರಲಿಲ್ಲ, ಹೊರದೇಶದಿಂದ ತನ್ನ ಬೆಟ್ಟದ ಹಳ್ಳಿಗೆ ಮರಳಿದ ಗಂಡಸಿನ ಕಥೆ. ನಶಾಟೆಲ್‌ನಿಂದ ಬರ್ನ್‌ಗೆ ಹೋಗುವ ರೈಲು ಇನ್ಸ್, ಕೆರ್ಟ್ಸರ್ಸ್ ಎಂಬ ಸಣ್ಣ ಸ್ಟೇಷನ್‌ಗಳಲ್ಲಿ ನಿಲ್ಲುವುದನ್ನು ನೋಡುತ್ತಾ ಕೂತಾಗ ಅದು ರೈಲ್ವೆ ಸ್ಟೇಷನ್ನಿನಲ್ಲಿ ಶುರುವಾಗುವ ನಾಟಕವಾಯಿತು.

ಕೊನೆಗಾಲದ ಕಾದಂಬರಿಗಳು ಓದುವ ಹಾಗಿವೆಯಾ?

1985ರ ‘ನ್ಯಾಯ’ ಓದಬಹುದು. 1957ರಲ್ಲೇ ಶುರು ಮಾಡಿ ಬಿಟ್ಟಿದ್ದದ್ದು. ತುಂಬಿದ ಹೋಟೆಲಿನಲ್ಲಿ ಎಲ್ಲರೆದುರು ಕೊಲೆ ಮಾಡಿದ ಒಬ್ಬ ದೊಡ್ಡ ಮನುಷ್ಯ, ನಾನು ಕೊಲೆಗಾರ ಅಲ್ಲ ಅಂತ ಊಹಿಸಿಕೊಂಡು ತನಿಖೆ ಮಾಡು ಎಂದು ಒಬ್ಬ ಬಡ ವಕೀಲನಿಗೆ ಕೆಲಸ ಕೊಡುತ್ತಾನೆ.

1986ರ ‘ವಹಿಸಿದ ಕೆಲಸ’ ಇನ್ನೂ ಮೇಲು. 24 ಅಧ್ಯಾಯ, ಪ್ರತಿ ಅಧ್ಯಾಯವೂ ಒಂದೇ ವಾಕ್ಯ. ಗ್ಲೆನ್ ಗೂಲ್ಡ್ ನುಡಿಸಿದ ಬಾಖ್ ಸಂಗೀತದ 24 ಜೋಡಿ ರಚನೆಗಳಿಂದ ಆ ಲೆಕ್ಕ ಬಂತು. ಎಲ್ಲರೂ ಎಲ್ಲರನ್ನೂ ಕ್ಯಾಮೆರಾದಲ್ಲಿ ನೋಡುತ್ತಿರುವ, ನೋಡುವವನನ್ನೂ ಇನ್ನೊಬ್ಬ ನೋಡುತ್ತಿರುವ ಪ್ರಪಂಚದ ಕಥೆ. ಮೊಬೈಲ್ ಬರುವ ಮೊದಲೇ ಬರೆದದ್ದು ಅಂತ ನೆನಪಿಟ್ಟುಕೊಂಡು ಓದಿ.

ಮದುವೆ, ಮನೆ, ಹೀಗೆ?

ಲೊಟ್ಟಿ 1983ರ ಜನವರಿಯಲ್ಲಿ ತೀರಿಕೊಂಡರು. ಮರುವರ್ಷ ನಟಿ, ಚಿತ್ರ ನಿರ್ದೇಶಕಿ ಷಾರ್ಲೊಟ್ ಕೆರ್ ಅವರನ್ನು ಮದುವೆಯಾದರು.

ಚಿತ್ರಗಳನ್ನೂ ಬರೆಯುತ್ತಿದ್ದರಾ?

ಕೊನೆಯವರೆಗೂ. ಚಿತ್ರಗಾರನಾಗಬೇಕೋ ಬರಹಗಾರನಾಗಬೇಕೋ ಎಂದು ಹರೆಯದಲ್ಲಿ ತೂಗಾಡಿದವರು. ವಿದ್ಯಾರ್ಥಿಯಾಗಿದ್ದಾಗ ಬರ್ನ್‌ನ ಅಟ್ಟದ ಕೋಣೆಯ ಗೋಡೆ ತುಂಬ ಬರೆದ ಚಿತ್ರಗಳು ಈಗಲೂ ಇವೆ. ನಶಾಟೆಲ್ ಮನೆಯ ಟಾಯ್ಲೆಟ್ಟಿನ ಗೋಡೆ, ಚಾವಣಿ ಎಲ್ಲ ಚಿತ್ರ ಬಿಡಿಸಿ ಅದಕ್ಕೆ ಸಿಸ್ಟೀನ್ ಚಾಪೆಲ್ ಎಂದು ಹೆಸರಿಟ್ಟರು. ಮಿನೋಟಾರ್, ಬಾಬೆಲ್ ಗೋಪುರ, ಶಿಲುಬೆ, ಇವೇ ಮತ್ತೆ ಮತ್ತೆ ಬರುತ್ತವೆ. ಮಾರಾಟಕ್ಕೆ ಬರೆದವಲ್ಲ, ಪ್ರದರ್ಶನಕ್ಕೆ ಇಟ್ಟದ್ದೂ ಕಡಿಮೆ. ಆ ಮನೆಗೆ ಸೇರಿಸಿ ಮಾರಿಯೋ ಬೊಟ್ಟಾ ವಿನ್ಯಾಸ ಮಾಡಿದ ಸಾಂತ್ರ್ ಡ್ಯೂರೆನ್‌ಮಾಟ್ ಎಂಬ ವಸ್ತುಸಂಗ್ರಹಾಲಯ 2000ದಲ್ಲಿ ತೆರೆಯಿತು. ಚಿತ್ರಗಳನ್ನು ನೋಡಬೇಕಾದರೆ ಅಲ್ಲಿಗೇ ಹೋಗಬೇಕು.

ಸ್ವಂತ ದೇಶವನ್ನು ಜೈಲು ಅಂದರಂತೆ, ನಿಜವಾ?

ನಿಜ. 1990ರ ನವೆಂಬರ್ 22. ಜೆಕೊಸ್ಲೊವಾಕಿಯಾದ ಅಧ್ಯಕ್ಷರಾಗಿದ್ದ ನಾಟಕಕಾರ ವಾತ್ಸ್ಲಾವ್ ಹಾವೆಲ್ ಅವರಿಗೆ ಸ್ವಿಟ್ಜರ್‌ಲೆಂಡಿನಲ್ಲಿ ಪ್ರಶಸ್ತಿ ಕೊಡುವ ಸಮಾರಂಭ. ಅಭಿನಂದನಾ ಭಾಷಣ ಡ್ಯೂರೆನ್‌ಮಾಟ್ ಅವರದು. ಹಾವೆಲ್ ಜೈಲಿನಿಂದ ಬಂದವರು, ಇವರು ಸ್ವಿಟ್ಜರ್‌ಲೆಂಡನ್ನೇ ಜೈಲಿಗೆ ಹೋಲಿಸಿದರು. ಇಲ್ಲಿ ಕೈದಿಗಳು ತಾವು ಸ್ವತಂತ್ರರು ಎಂದು ತೋರಿಸಿಕೊಳ್ಳಲು ತಮ್ಮ ಕಾವಲನ್ನು ತಾವೇ ಕಾಯುತ್ತಾರೆ ಎಂದರು. ಮುಂದಿನ ಸಾಲಿನಲ್ಲಿ ಮಂತ್ರಿಗಳು ಕೂತಿದ್ದರು.

ಹಿನ್ನೆಲೆ ತಿಳಿಯದಿದ್ದರೆ ಇದು ಬರೀ ವ್ಯಂಗ್ಯ ಅನ್ನಿಸುತ್ತದೆ. ಅದಕ್ಕೆ ಒಂದು ವರ್ಷ ಮೊದಲು, ಸ್ವಿಸ್ ಪೊಲೀಸರು ಸುಮಾರು 9 ಲಕ್ಷ ಕಡತ ಇಟ್ಟು ಜನರ ಮೇಲೆ ಗುಟ್ಟಾಗಿ ಕಣ್ಣಿಟ್ಟಿದ್ದದ್ದು ಬಯಲಾಗಿತ್ತು. ಡ್ಯೂರೆನ್‌ಮಾಟ್ ಹೆಸರಿನಲ್ಲೂ ಕಡತ ಇತ್ತು. ಭಾಷಣ ಆಗಿ ಮೂರು ವಾರಕ್ಕೆ ತೀರಿಕೊಂಡರು.

ಅದೇ ದೇಶಕ್ಕೆ ತಮ್ಮ ಹಸ್ತಪ್ರತಿಗಳನ್ನೆಲ್ಲ ಕೊಟ್ಟಿದ್ದರು ಅನ್ನುವುದನ್ನೂ ಹೇಳಬೇಕು. ಒಂದು ಷರತ್ತು: ರಾಷ್ಟ್ರೀಯ ಸಾಹಿತ್ಯ ಸಂಗ್ರಹಾಲಯ ಕಟ್ಟಬೇಕು. ಕಟ್ಟಿದರು. ಬರ್ನ್‌ನ ಸ್ವಿಸ್ ಸಾಹಿತ್ಯ ಸಂಗ್ರಹಾಲಯ 1991ರ ಜನವರಿಯಲ್ಲಿ ತೆರೆಯಿತು. ಅವರು ಅದನ್ನು ನೋಡಲಿಲ್ಲ.

ಎಲ್ಲಿಂದ ಓದಲು ಶುರು ಮಾಡಲಿ?

ಒಂದು ಸಂಜೆ ಬಿಡುವಿದ್ದರೆ ‘ಸುರಂಗ’ ಎಂಬ ಸಣ್ಣ ಕಥೆ. ಬರ್ನ್‌ನಿಂದ ಜ್ಯೂರಿಕ್‌ಗೆ ಹೊರಟ ರೈಲು ದಿನಾ ದಾಟುವ ಪುಟ್ಟ ಸುರಂಗಕ್ಕೆ ನುಗ್ಗುತ್ತದೆ, ಸುರಂಗ ಮುಗಿಯುವುದೇ ಇಲ್ಲ. ಎರಡು ದಿನ ಇದ್ದರೆ ‘ಗಾಡಿ ಕೆಟ್ಟಾಗ’ ಮತ್ತು ‘ವಚನ’. ನಾಟಕದವರು ನೇರವಾಗಿ ‘ಮುದುಕಿಯ ಭೇಟಿ’ಗೆ ಹೋಗಿ, ಆಮೇಲೆ ನನ್ನ ಮಾತು ಕೇಳಿ ‘ರೊಮುಲುಸ್’. ಇಂಗ್ಲಿಷ್ ಅನುವಾದಗಳು ಸುಲಭವಾಗಿ ಸಿಗುತ್ತವೆ. ಬ್ರಾಡ್‌ವೇಗಾಗಿ ಮಾಡಿದ ಹಳೆಯ ಇಂಗ್ಲಿಷ್ ‘ಭೇಟಿ’ ರೂಪಾಂತರ, ನೇರ ಅನುವಾದ ಅಲ್ಲ, ಅದು ಬೇಡ.

ನಮ್ಮ ತಂಡ ‘ಮುದುಕಿಯ ಭೇಟಿ’ ಆಡಬೇಕು ಅಂತಿದೆ. ಅನುಮತಿ ಬೇಕಾ?

ಬೇಕು. ಭಾರತದ ಕಾಪಿರೈಟ್ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ, ಅಂದರೆ 2050ರ ಕೊನೆಯವರೆಗೆ. ಊರಿನ ಹೆಸರು, ಪಾತ್ರದ ಹೆಸರು ಬದಲಾಯಿಸಿ ರೂಪಾಂತರ ಅಂದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ, ರೂಪಾಂತರಕ್ಕೂ ಅನುಮತಿ ಬೇಕು. ಜ್ಯೂರಿಕ್‌ನ ಡಿಯೋಗೆನೆಸ್ ಪ್ರಕಾಶನ ಅವರ ಪ್ರಕಾಶಕರು, ಅವರಿಗೆ ಮೇಲ್ ಬರೆದು ಕೇಳಿ. ಎಷ್ಟು ಪ್ರದರ್ಶನ, ಎಷ್ಟು ಸೀಟು, ಟಿಕೆಟ್ ಇದೆಯೋ ಇಲ್ಲವೋ ಅಂತ ಮೊದಲೇ ಬರೆದರೆ ಮಾತು ಬೇಗ ಮುಗಿಯುತ್ತದೆ. ಒಂದು ಸಲಹೆ: ಊರಿನವರಾಗಿ ಆಡಲು ಜನ ಜಾಸ್ತಿ ಬೇಕು, ಎಂಟು ಹತ್ತು ಜನರ ತಂಡ ಆದರೆ ‘ಗಾಡಿ ಕೆಟ್ಟಾಗ’ ನೋಡಿ, ಅದರ ರಂಗರೂಪವನ್ನು ಅವರೇ 1979ರಲ್ಲಿ ಮಾಡಿದ್ದಾರೆ.